ಬಸ್ಸು ನಿಲ್ಲಿಸುವ ಕುಳ್ಳಯ್ಯ

ಕುಳ್ಳಯ್ಯನಿಗೆ ಯಾವ ಊರಿಗೂ ಹೋಗುವುದಿರಲಿಲ್ಲ. ಆದರೂ ಡೈರಿಗೆ ಹಾಲು ಹಾಕಿದವನೇ, ಬೆಳಗ್ಗೆ ಏಳೂಕಾಲಿಗೆ ಹುಣಸೇಕೊಪ್ಪಲು ಗೇಟಿನಲ್ಲಿ ಹಾಜರು. ನಾಗಮಂಗಲದ ಕಡೆಯಿಂದ ಕೆ.ಆರ್. ಪೇಟೆಗೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿಯುವುದು ಅವನ ಕೆಲಸ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ ಎಂದಾದ ಮೇಲೆ, ಬರೀ ಹೆಂಗಸರೇ ನಿಂತಿದ್ದರೆ ಆ ಬಸ್ಸಿನ ಡ್ರೈವರು ಕಂಡೂ ಕಾಣದವನಂತೆ ಹೊರಟುಹೋಗುತ್ತಿದ್ದ. ಗಂಡಸೊಬ್ಬ ರಸ್ತೆಗೇ ಇಳಿದು ನಿಂತರೆ ಮಾತ್ರ ಗೊಣಗುತ್ತಾ ಬ್ರೇಕು ತುಳಿಯುತ್ತಿದ್ದ. ಹೆಂಗಸರೆಲ್ಲ ಹತ್ತಿದ ಮೇಲೆ ಕುಳ್ಳಯ್ಯ ಪಂಚೆ ಕೊಡವಿಕೊಂಡು ಮನೆಗೆ ಹೋಗುತ್ತಿದ್ದ. ಇಂಥ ಘನಂದಾರಿ ಉದ್ಯೋಗ ತಾಲೂಕಿನಲ್ಲಿ ಇನ್ಯಾರಿಗಿತ್ತು!

ಹತ್ತುವವರಲ್ಲಿ ಅವನ ಸೊಸೆ ತನುಶ್ರೀಯೂ ಒಬ್ಬಳು. ಮದುವೆಯಾಗಿ, ಮಗುವಾದ ಮೇಲೆ ಹಟ ಹಿಡಿದು ಡಿಗ್ರಿಗೆ ಸೇರಿದವಳು. ಈಗ ಕೊನೆಯ ವರ್ಷ. ಮಂಡಿನೋವಿನಿಂದ ಕುಳ್ಳಯ್ಯ ಮೂರು ವಾರ ಮಲಗಿದಾಗ ಬಸ್ಸು ನಿಲ್ಲದೆ ಅವಳ ಹಾಜರಾತಿ ಕುಸಿದಿತ್ತು. ಇನ್ನು ನಾಲ್ಕು ದಿನಕ್ಕಿಂತ ಹೆಚ್ಚು ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನವರು ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಪೇಟೆಯಲ್ಲಿ ಮುಖಂಡರೊಬ್ಬರು ಜನರ ಅಹವಾಲು ಕೇಳುವ ಸಭೆ ಕರೆದರು. ಹೆಂಗಸರು ನಿಂತರೂ ಬಸ್ಸು ನಿಲ್ಲಿಸಬೇಕೆಂದು ತನುಶ್ರೀ ಅರ್ಜಿ ಬರೆದು, ಹೆಂಗಸರ ಸಹಿ ಹಾಕಿಸಿ, ಮಾವನನ್ನೂ ಕರೆದುಕೊಂಡು ಹೋದಳು.

"ನಮ್ಮ ಸರ್ಕಾರದ ಬಸ್ಸಲ್ಲಿ ಗಂಡು-ಹೆಣ್ಣು ಅನ್ನೋ ಭೇದವೇ ಇಲ್ಲ. ಎಲ್ರಿಗೂ ಒಂದೇ ನ್ಯಾಯ," ಎಂದು ಮುಖಂಡರು ಆಗಲೇ ಮೈಕಿನಲ್ಲಿ ಹೇಳಿ ಮುಗಿಸಿದ್ದರು. ಅರ್ಜಿ ನೋಡಿ ಮುಖ ಗಂಟಿಕ್ಕಿ, ಕುಳ್ಳಯ್ಯನ ಕಡೆ ತಿರುಗಿದರು. "ಏನ್ ಯಜಮಾನ್ರೇ, ನಿಮ್ಮ ಗೇಟಲ್ಲಿ ಬಸ್ಸು ನಿಲ್ತದೋ ಇಲ್ವೋ?"

ಅಷ್ಟು ಜನರ ಮುಂದೆ ತನ್ನನ್ನೇ ಕೇಳಿದರಲ್ಲ ಎಂದು ಕುಳ್ಳಯ್ಯ ಉಬ್ಬಿಹೋದ. "ನಿಲ್ದೆ ಏನ್ಮಾಡ್ತದೆ ಸ್ವಾಮಿ? ದಿನಾ ನಾನೇ ಕೈ ಅಡ್ಡ ಇಟ್ಟು ನಿಲ್ಸ್ತೀನಿ!"

ಸಭೆ ಚಪ್ಪಾಳೆ ತಟ್ಟಿತು. "ನೋಡವ್ವ, ನಿಮ್ಮೋರೇ ಹೇಳ್ತಾವ್ರೆ. ಊರಿಗೊಬ್ರು ಇಂಥೋರಿದ್ರೆ ತೊಂದ್ರೆ ಎಲ್ಲಿರ್ತದೆ?" ಎಂದ ಮುಖಂಡರು ತಮ್ಮ ಹೆಗಲಿನ ಶಾಲನ್ನೇ ಅವನಿಗೆ ಹೊದಿಸಿದರು. ಅರ್ಜಿ ತನುಶ್ರೀಯ ಕೈಗೆ ವಾಪಸ್ಸು ಬಂತು.

ಊರಿನ ದಾರಿಯಲ್ಲಿ ಅವಳು ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ತಾನೇನು ಮಾಡಿಬಿಟ್ಟೆ ಎಂಬುದು ಕುಳ್ಳಯ್ಯನಿಗೆ ನಿಧಾನವಾಗಿ ಹೊಳೆಯಿತು.

"ತಪ್ಪಾಯ್ತು ಕಣವ್ವ," ಎಂದ.

"ನಾಳೆಯಿಂದ ಗೇಟಿಗೆ ಬರಬ್ಯಾಡಿ ಮಾವ."

"ಅಟೆಂಡೆನ್ಸು?"

"ನೀವು ನಿಂತಿರೋಗಂಟ ನಾವು ನಿಂತಿರೋದು ಯಾರ ಕಣ್ಗೂ ಬೀಳಕ್ಕಿಲ್ಲ. ಬಸ್ಸು ನಿಲ್ದೆ ಹೋಗೋದ್ನ ನಾಲ್ಕು ಜನ ನೋಡ್ಲಿ. ಮೊಬೈಲಲ್ಲಿ ವಿಡಿಯೋ ಹಿಡ್ಕತೀನಿ."

ಮರುದಿನ ಕುಳ್ಳಯ್ಯ ಕೊಟ್ಟಿಗೆಯಲ್ಲೇ ಕೂತ. ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿದಾಗ ತಡೆಯಲಾರದೆ ಎದ್ದು ನಿಂತ. ಓಡಿದರೆ ಈಗಲೂ ಸಿಗುತ್ತಿತ್ತು. ಓಡಲಿಲ್ಲ. ಸದ್ದು ಎಲ್ಲೂ ತಗ್ಗದೆ ಪೇಟೆಯ ಕಡೆಗೆ ಹೋಯಿತು. ಸೊಸೆಗಿದ್ದ ನಾಲ್ಕು ದಿನಗಳಲ್ಲಿ ಒಂದು ಹೋಯಿತು.