ನಾನು ಎತ್ತದ ಬಟ್ಟಲು

ಬೆಳಿಗ್ಗೆಯಿಂದ ಮನೆಯ ತುಂಬ ಒಣಕೊಬ್ಬರಿ ಹುರಿದ ವಾಸನೆ. ಅದರ ಬೆನ್ನಿಗೆ ಗಸಗಸೆ, ಏಲಕ್ಕಿ. ಇಂಥ ವಾಸನೆ ಮೂಗಿಗೆ ಬಡಿದ ಮೇಲೂ ವರಾಂಡದಲ್ಲಿ ಪೇಪರು ಓದುತ್ತ ಕೂರುವವರು ಸಂತರೇ ಇರಬೇಕು. ನಾನು ಸಂತಳಲ್ಲ. ಮೆಲ್ಲಗೆ ಎದ್ದು ಹೋಗಿ ಅಡುಗೆಕಟ್ಟೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿದೆ.

"ಅಮ್ಮಾ, ಮುಚ್ಚು! ಇನ್ನೂ ದೇವ್ರಿಗೆ ಇಟ್ಟಿಲ್ಲ" ಎಂದು ಹಿಂದಿನಿಂದ ರೇಖಾ ಕೂಗಿದಳು. ರೇಖಾ ನನ್ನ ಎರಡನೇ ಮಗಳು. ಈಗ ಏಳು ತಿಂಗಳ ಬಸುರಿ. ಇವತ್ತು ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲೇ ಅವಳ ಕುಬಸ, ಅಂದರೆ ಸೀಮಂತ. ಪಾತ್ರೆಯಲ್ಲಿದ್ದದ್ದು ಕರ್ಜಿಕಾಯಿ.

ಮುಚ್ಚಿದ್ದನ್ನು ತೆರೆದು ನೋಡುವುದು ನನ್ನ ಹುಟ್ಟುಗುಣ. ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದುತ್ತೇನೆ. ಆಹೇರಿನ ಪೊಟ್ಟಣ ಕೈಗೆ ಬಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ನಮ್ಮ ಮನೆಯವರು ಒಮ್ಮೆ, "ನಿನ್ನನ್ನ ಹೊತ್ಕಂಡು ಹೋಗುವಾಗ್ಲೂ ಮುಸುಕು ಸರಿಸಿ, ಯಾರ್ಯಾರು ಬಂದಾರೆ ಅಂತ ನೋಡ್ತೀಯ ಬಿಡು" ಎಂದಿದ್ದರು. ನೋಡಲೇಬೇಕಲ್ಲ, ಬರದವರ ಹೆಸರು ಗೊತ್ತಿರಬೇಡವೆ? ಇಂಥ ನಾನು ಈ ಆಯುಷ್ಯದಲ್ಲಿ ಒಂದೇ ಒಂದು ಬಟ್ಟಲನ್ನು ಎತ್ತದೆ ಬಿಟ್ಟಿದ್ದೇನೆ. ಅದರ ಕಥೆ ಹೇಳಬೇಕೆಂದರೆ ಹರಿಹರದ ದೊಡ್ಡಮ್ಮನಿಂದ ಶುರುಮಾಡಬೇಕು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಅವಳ ಮನೆ. ಬಸುರಿಯ ನಡಿಗೆ ನೋಡಿಯೇ ಗಂಡೋ ಹೆಣ್ಣೋ ತಿಳಿದುಕೊಳ್ಳುತ್ತಾಳೆ ಎಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವಳಿಗೆ ಹೆಸರಿತ್ತು. ಒಂದು ಸಲವೂ ತಪ್ಪಿದ್ದಿಲ್ಲವಂತೆ. ತಪ್ಪುವುದಾದರೂ ಹೇಗೆ? ಹೆರಿಗೆಗೆ ಮೊದಲು ಅವಳು ಬಾಯಿಯೇ ಬಿಡುತ್ತಿರಲಿಲ್ಲ. ತಿಳಿದವಳ ಹಾಗೆ ಒಮ್ಮೆ ನಕ್ಕು, "ಐತೆ, ಐತೆ, ಆರಾಮೈತೆ" ಎನ್ನುತ್ತಿದ್ದಳು. ಕೂಸು ಹುಟ್ಟಿದ ಸುದ್ದಿ ಬಂದ ಮೇಲೆ, "ನಂಗೆ ಅವತ್ತೇ ಗೊತ್ತಿತ್ತು" ಎನ್ನುತ್ತಿದ್ದಳು. ಜನ ಕೈ ಮುಗಿಯುತ್ತಿದ್ದರು. ಇಷ್ಟು ಸುಲಭದ ವಿದ್ಯೆ ನನಗೇಕೆ ಹೊಳೆಯಲಿಲ್ಲವೋ!

ಹಾಗಂತ ಅವಳು ಏನನ್ನೂ ತಿಳಿದುಕೊಳ್ಳಬಾರದು ಎನ್ನುವ ಪೈಕಿಯಲ್ಲ. ಸಾರಥಿ ಎಂಬ ಹಳ್ಳಿಯಲ್ಲಿದ್ದ ಹೊಲ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪನಿಗೆ ಎಷ್ಟು ನೀರು ಕುಡಿದರೂ ದಾಹ, ಕಾಲು ಉರಿ. ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದರೆ, "ಗೊತ್ತಾದ್ರೆ ತಾನೇ ರೋಗ? ಗೊತ್ತಾಗದಿದ್ರೆ ಇಲ್ಲ" ಎಂದು ಅವರ ವಾದ. ದೊಡ್ಡಮ್ಮ ಅವರ ಅಂಗಿಯ ತೋಳು ಹಿಡಿದು ಎಳೆದುಕೊಂಡೇ ದವಾಖಾನೆಗೆ ಹೋದಳು. ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಅವತ್ತಿನಿಂದ ದೊಡ್ಡಪ್ಪನಿಗೆ ಸಪ್ಪನೆ ಚಹಾ. ಅದನ್ನು ಕುಡಿಯುವಾಗ ಅವರು ಮಾಡುತ್ತಿದ್ದ ಮುಖ ನೋಡಿ ಮಕ್ಕಳು ನಗುತ್ತಿದ್ದರು. ಆದರೆ ಅವರು ಕಾಲು ಉಳಿಸಿಕೊಂಡರು.

ನನಗೆ ಎರಡು ಹೆಣ್ಣುಮಕ್ಕಳಾಗಿ ಮೂರನೆಯ ಸಲ ಬಸಿರು ನಿಂತಾಗ ನಮ್ಮ ಅತ್ತೆಗೆ ನಿದ್ದೆ ಹೋಯಿತು. ಅತ್ತೆ ಕೆಟ್ಟವರಲ್ಲ. ನನ್ನ ಹುಡುಗಿಯರಿಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದವರು ಅವರೇ. ಆದರೆ ತವರೂರು ಆನಗೋಡಿಗೆ ಹೋಗಿ ಬಂದಾಗಲೆಲ್ಲ ಯಾರೋ ಕಿವಿಗೆ ಏನೋ ಹಾಕಿ ಕಳಿಸುತ್ತಿದ್ದರು. ಒಂದು ಸಲ ಹಾಗೆ ಬಂದವರು, ಯಾವುದೋ ಊರಿನಲ್ಲಿ ಮಷಿನ್ ಇಟ್ಟು ನೋಡಿ ಗುಟ್ಟಾಗಿ ಹೇಳುತ್ತಾರಂತೆ ಎಂದರು. ಹೆಣ್ಣೆಂದು ಹೇಳಿದರೆ ಮುಂದೇನು ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಮ್ಮ ಮನೆಯವರು ಮಾತ್ರ, "ಇದು ಹೆಂಗಸರ ವಿಷಯ" ಎಂದು ಸೈಕಲ್ ಹತ್ತಿ ಹೋಗಿಬಿಟ್ಟರು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ನಾನೇ ಒಂದು ಉಪಾಯ ಹೇಳಿದೆ: ಮಷಿನ್ ಯಾಕೆ, ಹರಿಹರದಲ್ಲಿ ನಮ್ಮ ದೊಡ್ಡಮ್ಮ ಇಲ್ಲವೆ? ಅತ್ತೆಗೂ ಒಪ್ಪಿಗೆಯಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಕಿತ್ತಳೆ ಸುಲಿದು ಕೊಟ್ಟರು, ಬೀಜ ಸಹ ತೆಗೆದು. ನಾನು ಒಂದು ತೊಳೆಯನ್ನೂ ತಿನ್ನದೆ ಸೆರಗಿನ ತುದಿಗೆ ಕಟ್ಟಿಕೊಂಡೆ. ನನಗೆ ಹೆದರಿಕೆಯಾಗಿತ್ತು.

"ಬರ್ರಿ ಬೀಗ್ರೆ, ಕೂಡ್ರಿ. ಮೊದ್ಲು ಚಾ ಕುಡೀರಿ" ಎಂದಳು ದೊಡ್ಡಮ್ಮ.

"ಚಾ ಆಮೇಲೆ. ಇವಳನ್ನ ಒಂದೀಟು ನೋಡಿ ಹೇಳ್ರಿ" ಎಂದರು ಅತ್ತೆ. "ನಿಮ್ಮ ಮಾತು ತಪ್ಪಲ್ಲ ಅಂತಾರೆ. ನೀವು ಹೇಳ್ಲಿಲ್ಲ ಅಂದ್ರೆ ನಾಳೆ ಮಷಿನ್ನಿಗೇ ಕರ್ಕಂಡು ಹೋಗ್ತೀನಿ."

ದೊಡ್ಡಮ್ಮ ನನ್ನ ಹೊಟ್ಟೆಯ ಕಡೆ ನೋಡಲೇ ಇಲ್ಲ, ಮುಖ ನೋಡಿದಳು. ಒಳಗೆ ಹೋಗಿ ಒಂದು ತಟ್ಟೆ ತಂದಿಟ್ಟಳು. ಅದರ ಮೇಲೆ ಬೋರಲು ಹಾಕಿದ ಎರಡು ಹಿತ್ತಾಳೆ ಬಟ್ಟಲು. ನಮ್ಮ ಬಳಗದಲ್ಲಿ ಕುಬಸದ ದಿನ ಆಡುವ ಆಟ ಅದು. ಒಂದರಡಿ ಉಂಡೆ, ಇನ್ನೊಂದರಡಿ ಕರ್ಜಿಕಾಯಿ. ಬಸುರಿ ಒಂದು ಬಟ್ಟಲು ಎತ್ತಬೇಕು. ಉಂಡೆ ಬಂದರೆ ಗಂಡು, ಕರ್ಜಿಕಾಯಿ ಬಂದರೆ ಹೆಣ್ಣು.

ನನ್ನ ಕೈ ತಾನಾಗಿ ಮುಂದೆ ಹೋಯಿತು. ದೊಡ್ಡಮ್ಮ ಫಟ್ ಎಂದು ಅದರ ಮೇಲೆ ಹೊಡೆದಳು.

"ನೀನಲ್ಲ. ಯಾರಿಗೆ ಬೇಕಾಗೈತೋ ಅವರು ಎತ್ಲಿ."

ಅತ್ತೆ ಸೆರಗು ಹೊದ್ದು, ದೇವರನ್ನು ನೆನೆದು, ಎಡಗಡೆಯ ಬಟ್ಟಲಿನ ಮೇಲೆ ಕೈಯಿಟ್ಟರು.

"ಎತ್ತೋಕೆ ಮೊದ್ಲು ಒಂದು ಮಾತು ಬೀಗ್ರೆ" ಎಂದಳು ದೊಡ್ಡಮ್ಮ. "ನಮ್ಮನೆಯವ್ರಿಗೆ ಸಕ್ರಿ ಕಾಯಿಲೆ ಅಂತ ಗೊತ್ತಾತು, ಸಕ್ರಿ ಬಿಟ್ರು. ಅದು ಗೊತ್ತಾಗಿದ್ದು ಒಳ್ಳೇದೇ ಆತು. ಈಗ ಇದರಾಗೆ ಕರ್ಜಿಕಾಯಿ ಬಂತು ಅನ್ಕಳ್ರಿ. ನೀವು ಏನನ್ನ ಬಿಡ್ತೀರಿ?"

ಅತ್ತೆಯ ಕೈ ಬಟ್ಟಲಿನ ಮೇಲೆಯೇ ಇತ್ತು. ನನ್ನನ್ನು ನೋಡಿದರು. ಮತ್ತೆ ಬಟ್ಟಲು ನೋಡಿದರು. ಆಮೇಲೆ ಆ ಕೈ, ಕಾದ ಹೆಂಚು ಮುಟ್ಟಿದಂತೆ, ಹಿಂದಕ್ಕೆ ಬಂತು.

"ಬ್ಯಾಡ ಬಿಡ್ರಿ" ಎಂದರು. "ನಂಗ್ಯಾಕೆ ಬೇಕು ಅದು. ಚಾ ಕೊಡ್ರಿ."

ಅವರು ಪಡಸಾಲೆಯಲ್ಲಿ ಚಹಾ ಕುಡಿಯುವಾಗ ದೊಡ್ಡಮ್ಮ ಆ ತಟ್ಟೆಯನ್ನು ಅಡುಗೆಮನೆಗೆ ತಂದು ನನ್ನ ಮುಂದೆ ಇಟ್ಟಳು. "ನೀನು ನೋಡ್ತೀಯೇನೇ? ಮುಚ್ಚಿಟ್ಟಿದ್ದು ಕಂಡ್ರೆ ನಿನ್ನ ಕೈ ನಿಲ್ಲಲ್ಲ, ನಂಗೊತ್ತು."

ಕೈ ಕಡಿಯುತ್ತಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ಉಂಡೆ ಕಂಡಿದ್ದರೆ ನನಗೆ ಸಂತೋಷವಾಗುತ್ತಿತ್ತು. ಆ ಸಂತೋಷವೇ ನನಗೆ ಬೇಡವಾಗಿತ್ತು. ಮನೆಯಲ್ಲಿ ನನ್ನ ಎರಡು ಹುಡುಗಿಯರು ಅಮ್ಮ ಯಾವಾಗ ಬರುತ್ತಾಳೆ ಎಂದು ಕಾಯುತ್ತಿದ್ದರು. ಅವರ ಮುಖವನ್ನು ಆಮೇಲೆ ಹೇಗೆ ನೋಡಲಿ?

"ನೋಡಲ್ಲ ದೊಡ್ಡಮ್ಮ" ಎಂದು ಗೋಡೆಯ ಕಡೆ ತಿರುಗಿ ಕೂತೆ. ಹಿಂದೆ ಬಟ್ಟಲಿನ ಸದ್ದು, ಡಬ್ಬಿಯ ಸದ್ದು. ಮನೆಗೆ ಬಂದು ಬಿಚ್ಚಿದರೆ ಡಬ್ಬಿಯ ತುಂಬ ಉಂಡೆಯೂ ಇತ್ತು, ಕರ್ಜಿಕಾಯಿಯೂ ಇತ್ತು. ಮುದುಕಿ ಪಕ್ಕಾ.

ಮಷಿನ್ನಿನ ಮಾತು ಮತ್ತೆ ಬರಲಿಲ್ಲ. ಹೆರಿಗೆಯಾದಾಗ ಹೊರಗೆ ಬಂದ ನರ್ಸಮ್ಮನಿಗೆ ಅತ್ತೆ, "ತಾಯಿ ಕೂಸು ಆರಾಮದಾರೇನ್ರಿ?" ಎಂದಷ್ಟೇ ಕೇಳಿದರು. ಅವಳು ಮುಂದೆ ಏನೋ ಹೇಳಹೊರಟರೆ, "ತಡಿಯವ್ವ, ಮೊದ್ಲು ಕೈಗೆ ಕೊಡು" ಎಂದು ಬಟ್ಟೆ ಸುತ್ತಿದ ಕೂಸನ್ನು ಎತ್ತಿಕೊಂಡರು. ಎಷ್ಟೋ ಹೊತ್ತು ಬಟ್ಟೆ ಬಿಚ್ಚಲಿಲ್ಲ. ಮುಖ ನೋಡುತ್ತ ಕೂತಿದ್ದರು. ತೆರೆದ ಬಾಗಿಲಿನಿಂದ ಅದನ್ನು ಕಂಡು ನಾನು ಮಲಗಿದಲ್ಲೇ ಅತ್ತುಬಿಟ್ಟೆ. ಸುದ್ದಿ ಕೇಳಿ ಹರಿಹರದಿಂದ ಬಂದ ದೊಡ್ಡಮ್ಮ ಬಾಗಿಲಲ್ಲೇ ನಿಂತು ಹೇಳಿದಳು: "ನಂಗೆ ಅವತ್ತೇ ಗೊತ್ತಿತ್ತು."

ಹೋದ ತಿಂಗಳು ರೇಖಾಳ ಜೊತೆ ಸ್ಕ್ಯಾನಿಂಗಿಗೆ ಹೋಗಿದ್ದೆ. ಇಲ್ಲಿ ಗಂಡೋ ಹೆಣ್ಣೋ ಹೇಳುವುದಿಲ್ಲ, ಕೇಳುವುದೂ ಅಪರಾಧ ಎಂದು ಗೋಡೆಯ ಮೇಲೆ ಬೋರ್ಡು. ಎರಡು ಸಲ ಓದಿದೆ. ಆಕಾಶದಾಚೆ ಏನಿದೆ ಎಂದು ಇಣುಕುವ ಮನುಷ್ಯ ಒಂದು ಹೊಟ್ಟೆಯ ಮುಂದೆ ಮಾತ್ರ ಕಣ್ಣು ಮುಚ್ಚಿಕೊಳ್ಳಬೇಕು ಎಂದು ಸರ್ಕಾರವೇ ಬೋರ್ಡು ಹಾಕಿದೆ. ನೋಡಬಾರದ್ದು ಅಲ್ಲೇನಿದೆ ಪಾಪ, ಒಂದು ಕೂಸು. ಭಯ ಇರುವುದು ನೋಡುವವರ ಕೈ ಬಗ್ಗೆ. ಇಷ್ಟೆಲ್ಲ ಯೋಚಿಸಿದ ನಾನೇ ಒಳಗೆ ಹೋದಾಗ ಆ ಪರದೆಯ ಕಡೆ ಕತ್ತು ಚಾಚಿದೆ, ಡಾಕ್ಟರಮ್ಮ ನಗುತ್ತ ಹೊರಗೆ ಕೂರಿಸಿದರು.

ಇವತ್ತು ಹನ್ನೊಂದಕ್ಕೆ ಕುಬಸ ಶುರುವಾಯಿತು. ಹಸಿರು ಸೀರೆ, ಹಸಿರು ಬಳೆ. ದೊಡ್ಡಮ್ಮನದೇ ಹಿತ್ತಾಳೆ ಬಟ್ಟಲುಗಳನ್ನು ನಾನೇ ಬೋರಲು ಹಾಕಿ ತಂದಿಟ್ಟೆ. ಎಲ್ಲರೂ ಮುಂದಕ್ಕೆ ಬಾಗಿದರು. ರೇಖಾ ಒಂದು ಕ್ಷಣ ನನ್ನ ಮುಖ ನೋಡಿ, ಎರಡು ಕೈಯಲ್ಲಿ ಎರಡು ಬಟ್ಟಲನ್ನೂ ಒಟ್ಟಿಗೆ ಎತ್ತಿದಳು. "ಹಸಿವಾಗೈತೆ, ಎರಡೂ ನಂದೇ" ಎಂದು ಉಂಡೆ ಕಚ್ಚಿದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವಳ ಅತ್ತೆ. ಒಂದು ಬಟ್ಟಲಿನ ಮುಂದೆ ನಾನು ಅಷ್ಟು ಹೆದರಿದ್ದೆ, ನನ್ನ ಮಗಳು ಅದನ್ನು ಆಟವಾಗಿಯೇ ಆಡಿದಳು. ನನ್ನ ಕಣ್ಣು ಒದ್ದೆಯಾಯಿತು.

ಹಾಂ, ಮೂರನೆಯದು. ಅಲ್ಲೇ ಸೋಫಾದ ಮೂಲೆಯಲ್ಲಿ ಕೂತು ರೇಖಾಳ ತಟ್ಟೆಯಿಂದ ಕರ್ಜಿಕಾಯಿ ಕದಿಯುತ್ತಿದೆ. ಗಂಡೋ ಹೆಣ್ಣೋ ಎಂದು ಆಗಿನಿಂದ ನಿಮ್ಮ ನಾಲಿಗೆ ತುದಿಯಲ್ಲಿ ಇರುವುದು ನನಗೆ ಗೊತ್ತು, ನಾನೂ ನಿಮ್ಮ ಜಾತಿಯವಳೇ. ಹೇಳಬಹುದು. ಆದರೆ ಒಂದು ಮಾತು ಕೇಳುತ್ತೇನೆ: ತಿಳ್ಕಂಡು ಏನು ಮಾಡ್ತೀರಿ?