ದಾರದುಂಡೆ
ಕಚೇರಿಯಲ್ಲಿ ಅವನಿಗೆ ದಾರದುಂಡೆ ಎಂದೇ ಹೆಸರು. ಕಂಪ್ಯೂಟರುಗಳು ಮನುಷ್ಯರ ಹಂಗಿಲ್ಲದೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಸಾಫ್ಟ್‌ವೇರ್ ಬರೆಯುವ ಈ ಮನುಷ್ಯ, ಸರ್ವರಿನೊಡನೆ ಮಾತಿಗೆ ಬಂದ ಪ್ರತಿಯೊಂದು ಕಂಪ್ಯೂಟರಿಗೂ ಕಿವಿಗೊಟ್ಟು ಕೂರಲೆಂದು ಒಂದೊಂದು ಥ್ರೆಡ್ಡನ್ನು, ಅಂದರೆ ಪ್ರೋಗ್ರಾಮಿನೊಳಗಿನ ಕೆಲಸದ ಒಂದೊಂದು ದಾರವನ್ನು, ನೇಮಿಸುತ್ತಾನೆ. ನೂರು ಬಂದರೆ ನೂರು, ಸಾವಿರ ಬಂದರೆ ಸಾವಿರ. ಸರ್ವರಿನ ಫ್ಯಾನು ಬುಸುಗುಟ್ಟತೊಡಗಿದರೆ ಇವನಿಗೂ ಏದುಸಿರು. ಚಹಾ ಆರುತ್ತದೆ, ಬೆರಳಲ್ಲಿ ಉಗುರು ಉಳಿಯುವುದಿಲ್ಲ, ಆದರೂ ಸುಮ್ಮನೆ ಕೂತ ಒಂದು ಕಂಪ್ಯೂಟರಿನ ಥ್ರೆಡ್ಡನ್ನೂ ಕಡಿಯಲು ಕೈ ಬರುವುದಿಲ್ಲ. "ಪಾಪ, ಏನೋ ಹೇಳಕ್ಕೆ ಹೊರಟಿದೆ, ಇರಲಿ ಬಿಡಿ," ಎನ್ನುತ್ತಾನೆ. ಮೀಟಿಂಗಿನಲ್ಲಿ ಯಾರಾದರೂ ತಡವರಿಸಿದರೆ ತಾನಾಗಿ ಪದ ಒದಗಿಸದೆ, ಉಸಿರು ಬಿಗಿಹಿಡಿದು ಅವರ ಬಾಯನ್ನೇ ನೋಡುತ್ತಾನೆ. ಇಷ್ಟೊಂದು ಕಿವಿಗಳ ಭಾರಕ್ಕೇ ಸರ್ವರ್ ಇವತ್ತು ಮೂರನೆಯ ಸಲ ಮಲಗಿಬಿಟ್ಟಿತು. ಮೇಲಧಿಕಾರಿ ಬಂದು ಅವನ ಕುರ್ಚಿಗೆ ಒರಗಿ ನಿಂತರು. "ಐದು ಸೆಕೆಂಡಲ್ಲಿ ಬಾಯಿ ಬಿಡದೇ ಇರೋದನ್ನೆಲ್ಲ ಕಟ್ ಮಾಡಪ್ಪ, ಅಷ್ಟೇ." "ಐದು ಸಾಕಾಗಲ್ಲ ಸರ್," ಎಂದ ಅವನು, ಹಣೆ ಒರೆಸಿಕೊಳ್ಳುತ್ತ. "ಮತ್ತೆ ಎಷ್ಟು ಬೇಕಂತೆ ಅವಕ್ಕೆ?" ಸಂಜೆ ಮನೆಯ ಬಾಗಿಲು ತೆರೆಯುವ ಅವನ ಮಗಳಿಗೆ ಉಗ್ಗು. 'ಅಪ್ಪ' ಎಂದು ಮುಗಿಸಲು ಅವಳಿಗೆ ಏಳು ಸೆಕೆಂಡು ಬೇಕು.