ಗುರಣ್ಣನ ಹೆಬ್ಬೆಟ್ಟು

ಅಡುಗೆಕಟ್ಟೆಯ ಮೇಲೆ ಸರ್ಕಿಟ್ ಬೋರ್ಡ್ ಮಾಡುವುದು ನನ್ನ ಹವ್ಯಾಸ. ನನ್ನ ಹೆಂಡತಿಯ ಪ್ರಕಾರ ಅದೊಂದು ರೋಗ. ಪ್ರಿಂಟ್ ತೆಗೆದ ನಕ್ಷೆಯನ್ನು ತಾಮ್ರ ಹೊದಿಸಿದ ಹಲಗೆಯ ಮೇಲಿಟ್ಟು ಇಸ್ತ್ರಿ ಒತ್ತಬೇಕು, ಆಮೇಲೆ ಕಂದು ಬಣ್ಣದ ರಾಸಾಯನಿಕ ದ್ರಾವಣದಲ್ಲಿ ಅಲುಗಿಸುತ್ತ ಕೂರಬೇಕು. ಮಸಿ ಕೂತಲ್ಲಿ ತಾಮ್ರ ಉಳಿಯುತ್ತದೆ, ಮಿಕ್ಕದ್ದು ಕರಗುತ್ತದೆ. ಎಲ್ಲಕ್ಕೂ ಮೊದಲು ತಾಮ್ರವನ್ನು ಚೆನ್ನಾಗಿ ತಿಕ್ಕಬೇಕು. ತಿಕ್ಕುವುದೆಂದರೆ ನನಗೆ ಸೋಮಾರಿತನ.

ಈ ಹುಚ್ಚು ಹಿಡಿಸಿದವನು ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಧಾರವಾಡದ ಗುರಣ್ಣ. ಹೋದ ವರ್ಷ ತೀರಿಕೊಂಡ. ಅವನ ಹೆಂಡತಿ ಸುಮಿತ್ರಾ ನನಗೆ ವೈನಿ, ಅಂದರೆ ಅತ್ತಿಗೆ; ಅವರಿಗೆ ಕಿವಿ ಮಂದ. ಬೆಲ್ ಒತ್ತಿದರೆ ದೀಪ ಹತ್ತುವಂತೆ ಮಾಡಿಕೊಡುತ್ತೇನೆ ಎನ್ನುತ್ತ ಎನ್ನುತ್ತಲೇ ಹೋಗಿಬಿಟ್ಟ. ಅವನು ಉಳಿಸಿದ್ದ ಖಾಲಿ ತಾಮ್ರದ ಹಲಗೆಯೊಂದನ್ನು ವೈನಿ ಕೊಟ್ಟರು. ಅದರಲ್ಲೇ ಆ ಕೆಲಸ ನಾನು ಮುಗಿಸಿದೆ.

ವಾರದೊಳಗೆ ವೈನಿ ಬಂದರು. “ರಾಘು, ದಿನಾ ಸಂಜಿಗೆ ಆ ಲೈಟ್ ತಾನ ಹತ್ತತದ. ಬಾಗಲಾ ತಗದ್ರ ಯಾರೂ ಇರೂದಿಲ್ಲ.”

“ವೈರ್ ಸಡಲ ಆಗಿರಬೇಕು, ವೈನಿ.”

ಮರುದಿನ ಸಂಜೆ ಹೋಗಿ ಕೂತೆ. ವೈನಿ ದೇವರ ಮುಂದೆ ಕೈಮುಗಿದು ನಿಂತಿದ್ದರು. ಬಾಗಿಲ ಮೇಲಿನ ದೀಪ ಹತ್ತಿತು. ಓಡಿಹೋಗಿ ಬಾಗಿಲು ತೆಗೆದೆ. ಉದ್ದಕ್ಕೂ ಖಾಲಿ ಕಾರಿಡಾರು. ಲಿಫ್ಟಿನ ಸದ್ದೂ ಇಲ್ಲ.

ಹಲಗೆ ಕೂರಿಸಿದ್ದ ಡಬ್ಬಿ ಬಿಚ್ಚಿ ಭೂತಗನ್ನಡಿ ಹಿಡಿದೆ. ಎರಡು ತಾಮ್ರದ ಗೆರೆಗಳ ನಡುವೆ, ಖಾಲಿ ಇರಬೇಕಾದ ಜಾಗದಲ್ಲಿ, ಕೂದಲೆಳೆಯಂಥ ಸುತ್ತುಗಳು: ಒಂದು ಹೆಬ್ಬೆಟ್ಟಿನ ಗುರುತು. ತಿಕ್ಕದೆ ಬಿಟ್ಟ ತಾಮ್ರದ ಮೇಲೆ ಬೆರಳಿನ ಜಿಡ್ಡು ಉಳಿದಿತ್ತು, ಅದರಡಿಯ ತಾಮ್ರ ಕರಗಿರಲಿಲ್ಲ. ಸಂಜೆಯ ತೇವದ ಗಾಳಿಗೆ ಅದರ ಮೂಲಕ ಕರೆಂಟು ಹರಿಯುತ್ತಿತ್ತು. ವಿಜ್ಞಾನ ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆ ಸುತ್ತುಗಳನ್ನು ಒಂದು ಓರೆಗೀಟು ಕತ್ತರಿಸಿತ್ತು. ಗುರಣ್ಣ ಹಲಗೆ ಕೊಯ್ಯುವಾಗ ಗರಗಸಕ್ಕೆ ಹೆಬ್ಬೆರಳು ಕೊಟ್ಟುಕೊಂಡಿದ್ದ. ಪಟ್ಟಿ ಕಟ್ಟಿದವನು ನಾನೇ. ಆದರೂ ನನ್ನ ಹೆಬ್ಬೆರಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡೆ.

ವೈನಿಗೆ ತೋರಿಸಿ ಬ್ಲೇಡು ತೆಗೆದೆ. “ಎರಡ ನಿಮಿಷದ ಕೆಲಸ. ಕೆರದ್ರ ಆತು.”

ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಡಬ್ಬಿಯ ಮೇಲೆ ಅಂಗೈ ಇಟ್ಟು ಮುಚ್ಚಿದರು. “ಬ್ಯಾಡ.”

“ಅಂದ್ರ, ದಿನಾ ಎದ್ದು ಬಾಗಲಾ ತಗೀತೀರೇನು?”

“ತಗೀತೀನಿ,” ಎಂದರು ವೈನಿ. ಕಣ್ಣು ಒದ್ದೆಯಾಗಿದ್ದರೂ ತುಟಿಯಲ್ಲಿ ನಗು. “ಇದ್ದಾಗ ಒಂದಿನಾನೂ ಹೊತ್ತಿಗೆ ಸರಿಯಾಗಿ ಮನಿಗೆ ಬರಲಿಲ್ಲ, ಮಾರಾಯಾ. ಈಗರೆ ಬರ್ಲಿ.”